ಪ್ಲಾಸ್ಟಿಕ್ಕಿಗೆ ಬೈಯೋದು ಬಿಡಿ, ಎಷ್ಟು ಬಾರ್ ಅಂತ ಹೇಳಿ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ. ಆದರೆ ಹೋದ ತಿಂಗಳು ನಡೆದ ಒಂದು ಸಂಗತಿ ತಲೆಯೊಳಗೆ ಕೂತು ಕೊರೀತಾ ಇದೆ, ಅದನ್ನು ನಿಮಗೂ ಕೊರೆಯದೆ ಬಿಡುವ ಹಾಗಿಲ್ಲ. ಕಾರು, ಇಂಜಿನ್ನು ಅಂದ್ರೆ ಆಗದವರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ :-)

ನನ್ನ ಭಾಮೈದ ಒಂದು ಸೆಕೆಂಡ್ ಹ್ಯಾಂಡ್ ಟರ್ಬೋ ಪೆಟ್ರೋಲ್ ಸಣ್ಣ ಕಾರು ತಗೊಂಡಿದ್ದ. ಯಾವ ಕಂಪನಿಯದು ಅಂತ ಹೇಳೋದಿಲ್ಲ. ಹೇಳಿದರೆ ಮಾತೆಲ್ಲಾ ಆ ಕಂಪನಿ ಒಳ್ಳೇದೋ ಕೆಟ್ಟದ್ದೋ ಅನ್ನೋ ಕಡೆ ಹೊರಟುಬಿಡುತ್ತೆ. ತಗೊಂಡ ಮೂರನೇ ತಿಂಗಳಿಗೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ರೀಮ್ಯಾಪ್ ಮಾಡಿಸಿದ. ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕಾಚಾರ ತಿದ್ದಿ, ಟರ್ಬೋ ಇನ್ನಷ್ಟು ಗಾಳಿ ತಳ್ಳುವಂತೆ ಮಾಡೋದು. "ಭಾವ, ಈಗ ಗಾಡಿ ಹೆಂಗೆ ಎಳೆಯುತ್ತೆ ಗೊತ್ತಾ" ಅಂತ ಫೋನು ಬಂತು. ನಾನೂ "ಹುಷಾರು ಕಣೋ" ಅಂದೆನೇ ಹೊರತು ಹೆಚ್ಚೇನೂ ಕೇಳಲಿಲ್ಲ. ಆ ಪಾಪ ನನ್ನ ಮೇಲೂ ಇದೆ.

ಧರ್ಮಸ್ಥಳದಿಂದ ವಾಪಸ್ಸು ಬರುತ್ತಾ ಶಿರಾಡಿ ಘಾಟಿ ಹತ್ತುತ್ತಿದ್ದಾನೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಎರಡು ವರ್ಷದ ಮಗು. ಮುಂದೆ ಒಂದು ಟ್ಯಾಂಕರು. ರಸ್ತೆ ಖಾಲಿ ಕಂಡಿತು ಅಂತ ಪೂರ್ತಿ ಒತ್ತಿದ. ಟ್ಯಾಂಕರಿನ ಅರ್ಧಕ್ಕೆ ಬಂದಿರಬಹುದು, ಬಾನೆಟ್ಟಿನ ಒಳಗೆ "ಢಬ್" ಅಂತ ಸದ್ದು. ಗಾಡಿಯಲ್ಲಿ ಶಕ್ತಿ ಅನ್ನೋದೇ ಇಲ್ಲ. ಎದುರಿಗೆ ತಿರುವಿನಿಂದ ಬಸ್ಸು. ಟ್ಯಾಂಕರಿನವನು ಪುಣ್ಯಾತ್ಮ, ಬ್ರೇಕ್ ಹಿಡಿದು ಜಾಗ ಬಿಟ್ಟ. ಪಕ್ಕಕ್ಕೆ ಹಾಕಿ ಇಳಿದರೆ ಪೆಟ್ರೋಲಿನ ವಾಸನೆ. ಬೆಂಕಿ ಹತ್ತಲಿಲ್ಲ. ಮಗುವನ್ನು ಎತ್ತಿಕೊಂಡು ಐವತ್ತು ಮಾರು ದೂರ ಓಡಿ ನಿಂತಿದ್ದರಂತೆ ಗಂಡ ಹೆಂಡತಿ.

ಒಡೆದಿದ್ದು ಇನ್‌ಟೇಕ್ ಮ್ಯಾನಿಫೋಲ್ಡು. ಗಾಳಿಯನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಒಂದೊಂದು ಸಿಲಿಂಡರಿಗೂ ಒಂದೊಂದು ಕೊಳವೆಯಲ್ಲಿ ಹಂಚುವ ಭಾಗ. ಕಪ್ಪು ಪ್ಲಾಸ್ಟಿಕ್ಕಿನದು. ಉದ್ದಕ್ಕೂ ಬೆಸುಗೆಯ ಗೆರೆಯಲ್ಲೇ ಬಾಯಿ ಬಿಟ್ಟಿತ್ತು.

ಈಗ ತಮಾಷೆ ನೋಡಿ. ಗ್ಯಾರೇಜಿನವನು ಅಂದ: "ಸಾರ್, ಕಂಪನಿಯವರು ಪ್ಲಾಸ್ಟಿಕ್ ಹಾಕಿ ಮೋಸ ಮಾಡ್ತಾರೆ, ಅಲ್ಯೂಮಿನಿಯಂದು ಮಾಡಿಸಿಕೊಡ್ತೀನಿ." ಸರ್ವಿಸ್ ಸೆಂಟರಿನವರು ಅಂದರು: "ನೀವು ರೀಮ್ಯಾಪ್ ಮಾಡಿಸಿದ್ದೀರಿ, ಪ್ಲಾಸ್ಟಿಕ್ ಪಾರ್ಟ್ ತಡೆಯಲ್ಲ, ವಾರಂಟಿ ಇಲ್ಲ." ಮನೆಗೆ ಬಂದ ದೊಡ್ಡಮಾವ ಅಂದರು: "ನಮ್ಮ ಅಂಬಾಸಡರಿನಲ್ಲಿ ಇಂಥಾ ಡಬ್ಬಾ ಸಾಮಾನು ಎಲ್ಲಿತ್ತು?" ಮೂವರದ್ದೂ ಮೂರು ದಾರಿ, ಆದರೆ ಆರೋಪಿ ಮಾತ್ರ ಒಬ್ಬನೇ, ಪ್ಲಾಸ್ಟಿಕ್ಕು. ನಾನು ಪೀಣ್ಯದಲ್ಲಿ ಹನ್ನೆರಡು ವರ್ಷ ಇಂಥದ್ದೇ ಮೋಲ್ಡಿಂಗ್ ಕೆಲಸ ಮಾಡಿದವನು. ನನಗೆ ಸಿಟ್ಟು ಬಂದದ್ದು ಮೂವರ ಮೇಲೂ. ಮಾವನ ಮೇಲೆ ಸ್ವಲ್ಪ ಕಮ್ಮಿ, ಅವರು ದೊಡ್ಡವರು.

ಮೊದಲು "ಪ್ಲಾಸ್ಟಿಕ್" ಅನ್ನೋ ಪದದ ಬಗ್ಗೆ. ಇದು ಬಕೆಟ್ಟು ಚೊಂಬಿನ ಪ್ಲಾಸ್ಟಿಕ್ ಅಲ್ಲ ಸ್ವಾಮಿ. ನೈಲಾನಿಗೆ ನೂರಕ್ಕೆ ಮೂವತ್ತು ಪಾಲು ಗಾಜಿನ ಎಳೆ ಬೆರೆಸಿದ್ದು. ಪಿಎ6 ಅಥವಾ ಪಿಎ66 ಅಂತ ಕರೀತಾರೆ. ಪಿಎ66 ಕರಗೋದು 260 ಡಿಗ್ರಿಯ ಸುಮಾರಿಗೆ. ಒಣಗಿದ ಸ್ಥಿತಿಯಲ್ಲಿ, ಕೋಣೆಯ ಉಷ್ಣದಲ್ಲಿ ಎಳೆದರೆ ಹತ್ತಿರ ಹತ್ತಿರ 185 ಮೆಗಾಪಾಸ್ಕಲ್ ತಡೆಯುತ್ತೆ, ಸಾಧಾರಣ ಅಲ್ಯೂಮಿನಿಯಂ ಎರಕಕ್ಕೆ ತೀರಾ ದೂರವೇನಲ್ಲ. ತೂಕ ಅಲ್ಯೂಮಿನಿಯಮ್ಮಿನ ಅರ್ಧ. ನಿಮ್ಮ ಕಾರಿನ ರೇಡಿಯೇಟರಿನ ಎರಡೂ ಬದಿಯ ಕಪ್ಪು ಟ್ಯಾಂಕು ನೋಡಿ, ಅದೂ ಇದೇ ನೈಲಾನು. ನೂರು ಡಿಗ್ರಿಯ ಕೂಲೆಂಟನ್ನು ಒಂದು ಬಾರ್ ಆಸುಪಾಸಿನ ಒತ್ತಡದಲ್ಲಿ ವರ್ಷಗಟ್ಟಲೆ ಹಿಡಿದುಕೊಂಡು ಕೂತಿರುತ್ತೆ. ಅದರ ಬಗ್ಗೆ ಯಾರೂ "ಪ್ಲಾಸ್ಟಿಕ್ ಹಾಕಿ ಮೋಸ" ಅನ್ನಲ್ಲ!

ಹಾಗಂತ 185 ಅನ್ನೋ ಅಂಕಿ ಹಿಡಿದುಕೊಂಡು ಕುಣಿಯೋದೂ ಬೇಡ. ಅದು ಕ್ಯಾಟಲಾಗಿನ ಅಂಕಿ. ನೈಲಾನು ಗಾಳಿಯ ತೇವ ಕುಡಿಯುತ್ತೆ, ಕುಡಿದ ಮೇಲೆ ಅದು 120-130ಕ್ಕೆ ಇಳಿಯುತ್ತೆ. ಬಿಸಿಯಾದರೆ ಇನ್ನೂ ಕಷ್ಟ, 120 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧ. ಒಂದೇ ಸಲ ಎಳೆಯೋದು ಬೇರೆ, ದಿನಕ್ಕೆ ನೂರು ಸಲ ಎಳೆದು ಬಿಡೋದು ಬೇರೆ. ಲಕ್ಷಾಂತರ ಸಲ ಎಳೆದರೆ ತಡೆಯುವ ಮಟ್ಟ ಮತ್ತಷ್ಟು ಕೆಳಗೆ. ಆಕ್ಸಿಲರೇಟರು ಒತ್ತಿದಾಗ ಒಳಗೆ ಒತ್ತಡ, ಬಿಟ್ಟಾಗ ನಿರ್ವಾತ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಈ ಉಸಿರಾಟ ಎಷ್ಟು ಸಲ ಅಂತ ನೀವೇ ಎಣಿಸಿಕೊಳ್ಳಿ.

ಬಿಸಿ ಎಲ್ಲಿಂದ ಬಂತು ಅಂತೀರಾ? 40 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ, ಟರ್ಬೋದ ದಕ್ಷತೆ ನೂರಕ್ಕೆ 70 ಅಂತ ಇಟ್ಟುಕೊಂಡರೂ ಅದು 135-140 ಡಿಗ್ರಿ ಮುಟ್ಟುತ್ತೆ. ಇಂಟರ್‌ಕೂಲರು ಅದನ್ನು ಇಳಿಸುತ್ತೆ, ಸರಿ. ಆದರೆ ಘಾಟಿಯಲ್ಲಿ ಲಾರಿಯ ಹಿಂದೆ ತೆವಳುವಾಗ ಇಂಟರ್‌ಕೂಲರಿಗೇ ಗಾಳಿ ಇರೋದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. "ಈ ಮ್ಯಾನಿಫೋಲ್ಡು ಎಷ್ಟು ಬಾರ್ ತಡೆಯುತ್ತೆ" ಅಂತ ಕೇಳುವವರು, ಹೇಳುವವರು ಯಾರೂ ಆಕಾರದ ಬಗ್ಗೆ ಮಾತಾಡೋದಿಲ್ಲ. ಒಂದು ದುಂಡನೆ ಕೊಳವೆ ತಗೊಳ್ಳಿ. ಒಳವ್ಯಾಸ 40 ಮಿ.ಮೀ., ಗೋಡೆ 3 ಮಿ.ಮೀ. ಒಳಗೆ 1.4 ಬಾರ್ ಬೂಸ್ಟ್. ಗೋಡೆಯ ಮೇಲೆ ಬೀಳುವ ಎಳೆತ ಒಂದು ಮೆಗಾಪಾಸ್ಕಲ್ ಕೂಡ ಆಗಲ್ಲ. ನಗು ಬರುವಷ್ಟು ಕಮ್ಮಿ. ಈಗ ಅದೇ 3 ಮಿ.ಮೀ. ದಪ್ಪದ ಚಪ್ಪಟೆ ಹಲಗೆ ತಗೊಳ್ಳಿ, 10 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ, ನಾಲ್ಕೂ ಅಂಚು ಬಿಗಿ. ಅದೇ 1.4 ಬಾರ್. ಪಠ್ಯಪುಸ್ತಕದ ಸೂತ್ರ ಹಾಕಿದರೆ ಅಂಚಿನಲ್ಲಿ ಸುಮಾರು 78 ಮೆಗಾಪಾಸ್ಕಲ್! (ಹಲಗೆ ಉಬ್ಬಿದಂತೆ ಅದು ಸ್ವಲ್ಪ ಇಳಿಯುತ್ತೆ, ಇಂಜಿನಿಯರ್ ಮಿತ್ರರು ಕಿತ್ತಾಡಬೇಡಿ.) ಅದೇ ಪ್ಲಾಸ್ಟಿಕ್, ಅದೇ ದಪ್ಪ, ಅದೇ ಒತ್ತಡ. ಆಕಾರ ಬದಲಾದದ್ದಕ್ಕೆ ಎಂಬತ್ತು ಪಟ್ಟು ವ್ಯತ್ಯಾಸ. ಆ ಹಲಗೆಯ ಮೇಲಿರೋ ಒಟ್ಟು ಭಾರ ಎಷ್ಟು ಗೊತ್ತೇ? ಮುನ್ನೂರೈವತ್ತು ಕಿಲೋ. ಏಳು ಮೂಟೆ ಸಿಮೆಂಟು.

ಅದಕ್ಕೇ ಟರ್ಬೋ ಕಾರಿನ ಮ್ಯಾನಿಫೋಲ್ಡಿನ ಹೊರಮೈಯಲ್ಲಿ ಅಷ್ಟೊಂದು ಪಟ್ಟಿಗಳು. ರಿಬ್ ಅಂತೀವಿ. ಹಲಗೆಯ ಅಗಲವನ್ನು ಒಂದು ಗಟ್ಟಿ ರಿಬ್ಬಿನಿಂದ ಅರ್ಧ ಮಾಡಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತೆ. ಚಂದಕ್ಕೆ ಹಾಕಿದ್ದಲ್ಲ ಅವು. ಟರ್ಬೋ ಇಲ್ಲದ ಕಾರಿನ ಮ್ಯಾನಿಫೋಲ್ಡು ನೋಡಿ, ರಿಬ್ಬು ಕಡಿಮೆ ಕಾಣುತ್ತೆ. ಯಾಕೆಂದರೆ ಅದು ಹುಟ್ಟಿದಾಗಿನಿಂದ ಕಂಡದ್ದು ನಿರ್ವಾತ ಮಾತ್ರ. ನಿರ್ವಾತ ಮುಚ್ಚಳವನ್ನು ಒಳಕ್ಕೆ ಒತ್ತಿ ಬೆಸುಗೆಯನ್ನು ಇನ್ನೂ ಭದ್ರ ಮಾಡುತ್ತೆ. ಬೂಸ್ಟು ಅದೇ ಮುಚ್ಚಳವನ್ನು ಹೊರಕ್ಕೆ ಸುಲಿಯುತ್ತೆ. ಮಾಮೂಲಿ ಇಂಜಿನ್ನಿಗೆ ಹೊರಗಿನಿಂದ ಟರ್ಬೋ ಕಿಟ್ ಕೂರಿಸಿ ಹಳೇ ಮ್ಯಾನಿಫೋಲ್ಡನ್ನೇ ಉಳಿಸಿಕೊಳ್ಳುವ ಮಹಾನುಭಾವರಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

ಇನ್ನು ಬೆಸುಗೆ. ಇಡೀ ಮ್ಯಾನಿಫೋಲ್ಡನ್ನು ಒಂದೇ ಅಚ್ಚಿನಲ್ಲಿ ತೆಗೆಯೋದು ಕಷ್ಟ, ಒಳಗಿನ ಟೊಳ್ಳು ಹಾಗಿದೆ. ಹಿಂದೆ ತವರ-ಬಿಸ್ಮತ್ ಮಿಶ್ರಲೋಹದ ತಿರುಳಿಟ್ಟು ಸುತ್ತ ನೈಲಾನು ತುಂಬಿ, ಆಮೇಲೆ ತಿರುಳನ್ನು ಕರಗಿಸಿ ತೆಗೆಯುವ ಪದ್ಧತಿ ಇತ್ತು. ಒಳ್ಳೇ ಪದ್ಧತಿ, ದುಬಾರಿ. ಈಗ ಎರಡು ಮೂರು ಚಿಪ್ಪುಗಳನ್ನು ಬೇರೆ ಬೇರೆ ಅಚ್ಚು ಹಾಕಿ ವೈಬ್ರೇಷನ್ ವೆಲ್ಡಿಂಗ್ ಮಾಡ್ತಾರೆ. ಒಂದನ್ನು ಕೆಳಗೆ ಬಿಗಿದು, ಇನ್ನೊಂದನ್ನು ಮೇಲಿಂದ ಒತ್ತಿ ಹಿಡಿದು, ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಒಂದೆರಡು ಮಿ.ಮೀ. ಉಜ್ಜೋದು. ಉಜ್ಜಿದ ಬಿಸಿಗೆ ಅಂಚು ಕರಗಿ ಕೂಡಿಕೊಳ್ಳುತ್ತೆ. ಕೆಲವೇ ಸೆಕೆಂಡಿನ ಕೆಲಸ. ಆ ಮೆಷಿನ್ನಿನ ಅರಚಾಟ ಕೇಳಿದವರಿಗೆ ಜನ್ಮದಲ್ಲಿ ಮರೆಯಲ್ಲ.

ಆದರೆ ಆ ಕೂಡಿಕೆಯಲ್ಲಿ ಗಾಜಿನ ಎಳೆಗಳು ಈ ಕಡೆಯಿಂದ ಆ ಕಡೆಗೆ ದಾಟೋದಿಲ್ಲ, ಗೆರೆಯ ಉದ್ದಕ್ಕೆ ಮಲಗಿಬಿಡ್ತವೆ. ಎರಡು ಚಾಪೆಗಳನ್ನು ಪಕ್ಕಪಕ್ಕ ಇಟ್ಟು ದಾರ ಹಾಕದೆ ಗೋಂದು ಬಳಿದ ಹಾಗೆ. ಹಾಗಾಗಿ ಎಷ್ಟೇ ಒಳ್ಳೆ ಬೆಸುಗೆಯಾದರೂ ಮೂಲ ವಸ್ತುವಿನ ಅರ್ಧ ಶಕ್ತಿ ಸಿಗೋದೂ ಕಷ್ಟ. ಮೇಲೆ ಹೇಳಿದ ಚಪ್ಪಟೆ ಹಲಗೆಯ ಎಳೆತ ಅತಿ ಹೆಚ್ಚು ಎಲ್ಲಿ ಅಂದೆ? ಅಂಚಿನಲ್ಲಿ. ಬೆಸುಗೆ ಎಲ್ಲಿದೆ? ಅಂಚಿನಲ್ಲಿ! ಒಳ್ಳೇ ವಿನ್ಯಾಸಕಾರ ಇವೆರಡನ್ನೂ ದೂರ ಇಡಲು ಒದ್ದಾಡ್ತಾನೆ, ಬೆಸುಗೆಯ ಪಕ್ಕದಲ್ಲಿ ದಪ್ಪ ತುಟಿ ಕೊಡ್ತಾನೆ. ಬಾನೆಟ್ಟಿನ ಕೆಳಗಿನ ಜಾಗದ ಜಗಳದಲ್ಲಿ ಕೆಲವು ಸಲ ಸೋಲ್ತಾನೆ.

ಭಾಮೈದನ ಮ್ಯಾನಿಫೋಲ್ಡನ್ನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆ. ಸೀಳಿದ ಗೆರೆಯ ಬಹುಭಾಗ ಒರಟಾಗಿತ್ತು, ಅಂದರೆ ಚೆನ್ನಾಗಿ ಹಿಡಿದುಕೊಂಡೇ ಹರಿದದ್ದು. ಒಂದು ಮೂಲೆಯಲ್ಲಿ ಸುಮಾರು ಮೂರು ಬೆರಳಗಲ ನುಣ್ಣಗೆ ಹೊಳೀತಿತ್ತು. ಅಲ್ಲಿ ಸರಿಯಾಗಿ ಕರಗಿ ಕೂಡಿರಲೇ ಇಲ್ಲ, ಮೇಲುಮೇಲೆ ಅಂಟಿತ್ತು ಅಷ್ಟೆ. ಅದು ಕಂಪನಿಗೆ ಸಾಮಾನು ಕೊಟ್ಟವನ ತಪ್ಪು. ಹಾಗೇ ಒಳಗೋಡೆಯ ಮೇಲೆ ಬೆರಳಾಡಿಸಿದೆ. ಮಸಿ. ಎಣ್ಣೆಯ ಜಿಡ್ಡಲ್ಲ, ಒಣ ಕರಿ ಮಸಿ. ಅಲ್ಲಿಗೆ ಇಡೀ ಕಥೆ ತಿಳೀತು. ಒಳಗೆ ಬೆಂಕಿ ಬಂದಿತ್ತು.

ಯಾರೂ ಮಾತಾಡದ ಒತ್ತಡ ಇದು. ಪೆಟ್ರೋಲು-ಗಾಳಿಯ ಸರಿಯಾದ ಮಿಶ್ರಣ ಮುಚ್ಚಿದ ಜಾಗದಲ್ಲಿ ಉರಿದರೆ ಒತ್ತಡ ಏಳೆಂಟು ಪಟ್ಟಾಗುತ್ತೆ. ಒಳಗೆ ಮೊದಲೇ ಬೂಸ್ಟ್ ಸೇರಿ 2.2 ಬಾರ್ ಇದ್ದರೆ, ಲೆಕ್ಕಕ್ಕೆ 15 ಬಾರ್ ದಾಟುತ್ತೆ. ಮ್ಯಾನಿಫೋಲ್ಡಿನ ತುಂಬಾ ಇಂಧನ ಇರಲ್ಲ, ಸ್ವಲ್ಪ ಹಿಂದಕ್ಕೂ ತಪ್ಪಿಸಿಕೊಳ್ಳುತ್ತೆ, ಒಪ್ಪಿದೆ. ಅದರ ಅರ್ಧ ಬಂದರೂ ಗೋಡೆಗೆ ಬೀಳೋದು ಬೂಸ್ಟಿನ ಐದಾರು ಪಟ್ಟು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಸಿ.ಎನ್.ಜಿ. ಗಾಡಿಯವರನ್ನು ಕೇಳಿ, ಹಳೇ ಮಿಕ್ಸರ್ ಕಿಟ್ಟಿನಲ್ಲಿ ಮ್ಯಾನಿಫೋಲ್ಡಿನ ತುಂಬಾ ಗ್ಯಾಸು ತುಂಬಿರ್ತಿತ್ತು, ಬ್ಯಾಕ್‌ಫೈರ್ ಆದರೆ ಏರ್ ಫಿಲ್ಟರ್ ಡಬ್ಬಿ ಹಾರಿಹೋಗ್ತಿತ್ತು. ಸಿಲಿಂಡರಿನೊಳಕ್ಕೇ ಇಂಧನ ಚಿಮ್ಮಿಸುವ ಇಂಜಿನ್ನುಗಳಲ್ಲಿ, ಅಂದರೆ ಹ್ಯುಂಡೈ ವೆನ್ಯೂದ 1.0 ಟಿ-ಜಿಡಿಐ, ಮಾರುತಿಯ ಬೂಸ್ಟರ್‌ಜೆಟ್, ಫೋಕ್ಸ್‌ವ್ಯಾಗನ್ನಿನ ಟಿಎಸ್‌ಐ ಥರದವುಗಳಲ್ಲಿ, ಮ್ಯಾನಿಫೋಲ್ಡಿನಲ್ಲಿ ಇಂಧನವೇ ಇರಲ್ಲ, ಭಯ ಬಹಳ ಕಡಿಮೆ. ಫಿಯಟ್ಟಿನ 1.4 ಟಿ-ಜೆಟ್ ಥರ ವಾಲ್ವಿನ ಹಿಂದೆ ಪೆಟ್ರೋಲು ಚಿಮ್ಮಿಸುವ ಟರ್ಬೋ ಇಂಜಿನ್ನಿನಲ್ಲಿ ಕೊಳವೆಯ ಬಾಯಿ ಒದ್ದೆಯಾಗಿಯೇ ಇರುತ್ತೆ. ಭಾಮೈದನದ್ದು ಈ ಎರಡನೇ ಜಾತಿ.

ಅವನನ್ನು ಕೂರಿಸಿಕೊಂಡು ಬಿಡಿಸಿ ಕೇಳಿದೆ. ಒಂದು ವಾರದಿಂದ ಮಿಸ್‌ಫೈರ್ ಆಗ್ತಿತ್ತಂತೆ. ದೀಪವೂ ಹತ್ತಿತ್ತಂತೆ. ಗ್ಯಾರೇಜಿಗೆ ಫೋನು ಮಾಡಿದರೆ "ಟ್ಯೂನಿಂಗ್ ಸೆಟ್ ಆಗೋವರೆಗೂ ಹಾಗೇ ಬ್ರೋ, ಕೋಡ್ ಅಳಿಸಿಬಿಡಿ" ಅಂದನಂತೆ. ಸಾಲದ್ದಕ್ಕೆ ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಬರೋ ಹಾಗೆ ಮ್ಯಾಪಿನಲ್ಲಿ ಕಿಡಿಯನ್ನು ತಡ ಮಾಡಿ ಹೆಚ್ಚು ಪೆಟ್ರೋಲು ಸುರಿಸಿಕೊಟ್ಟಿದ್ದ. ಕಿಡಿ ತಡವಾದರೆ ಸಿಲಿಂಡರಿನಲ್ಲಿ ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ವಾಲ್ವುಗಳು ತೆರೆಯುವ ಹೊತ್ತಾಗುತ್ತೆ. ಆ ಸದ್ದು ಬಂದದ್ದು ಹಿಂದಿನ ಪೈಪಿನಲ್ಲಿ ಅಂತ ಖುಷಿಪಟ್ಟ ಹುಡುಗ, ಅದು ಒಂದು ದಿನ ಮುಂದಿನ ಬಾಗಿಲಲ್ಲೂ ಬರಬಹುದು ಅಂತ ಯೋಚಿಸಲಿಲ್ಲ.

ಗ್ಯಾರೇಜಿಗೆ ನಾನೇ ಹೋದೆ. "ಎಷ್ಟು ಬೂಸ್ಟ್ ಇಟ್ಟಿದ್ದೆಯಪ್ಪಾ?" "1.4 ಸಾರ್, 1.8ರವರೆಗೂ ಸೇಫು." "ಯಾರು ಹೇಳಿದ್ದು?" "ಎಲ್ಲಾರೂ ಅಷ್ಟೇ ಇಡ್ತಾರೆ ಸಾರ್." ಎಲ್ಲಾರೂ ಅಂದ್ರೆ ಯಾರು? ಎಷ್ಟು ಡಿಗ್ರಿ ಬಿಸಿಯಲ್ಲಿ? ಹೊಸ ಮ್ಯಾನಿಫೋಲ್ಡೋ ಎಂಟು ವರ್ಷ ಓಡಿದ್ದೋ? ಒಂದನ್ನಾದರೂ ಒಡೆಯುವವರೆಗೆ ಪರೀಕ್ಷೆ ಮಾಡಿದ್ದೀಯಾ? ಉತ್ತರ ಇಲ್ಲ. ಟೀ ತರಿಸಿದ.

1.4 ಬಾರ್ ಅನ್ನೋದು ಎಲ್ಲಿಯ 1.4 ಅಂತ ಕೂಡಾ ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ಬೀಳೋದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಕಂಪ್ಯೂಟರು ಒಳಗೆ ಒಟ್ಟು 2.2 ಬಾರ್ ಹಿಡಿಯಬೇಕು ಅಂತ ಪಟ್ಟು ಹಿಡಿದರೆ, ಮಂಗಳೂರಿನಲ್ಲಿ ವ್ಯತ್ಯಾಸ 1.2ರ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರೋ ಬೆಂಗಳೂರಿನಲ್ಲಿ ಹೊರಗಿನ ಗಾಳಿ ತೆಳು, ಅದೇ 1.3. ಟರ್ಬೋಗೂ ಕೆಲಸ ಜಾಸ್ತಿ, ಗಾಳಿ ಇನ್ನೂ ಬಿಸಿ. ಸಣ್ಣ ವ್ಯತ್ಯಾಸವೇ ಇರಬಹುದು. ಅಂಚಿನಲ್ಲಿ ನಿಂತವನಿಗೆ ಸಣ್ಣದು ಅನ್ನೋದಿಲ್ಲ.

ಟ್ಯೂನರುಗಳ ಒಂದು ವಾದದಲ್ಲಿ ಸತ್ಯ ಇದೆ, ಅದನ್ನು ಒಪ್ಪಬೇಕು. ಕಂಪನಿಗಳು ಸ್ವಲ್ಪ ಉಳಿಕೆ ಇಟ್ಟೇ ಇರ್ತಾರೆ. ಅದೇ ಕುಟುಂಬದ 1.0 ಟಿಎಸ್‌ಐ ಇಂಜಿನ್ನು 2020ರಲ್ಲಿ ಪೋಲೋದಲ್ಲಿ 110 ಪಿಎಸ್ ಕೊಟ್ಟಿತು, 2021ರಲ್ಲಿ ಟೈಗನ್, ಕುಶಾಕ್‌ಗಳಲ್ಲಿ 115. ಆ ಇಂಜಿನ್ನಿನಲ್ಲಿ ಇಂಟರ್‌ಕೂಲರನ್ನೇ ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ಒಳಗೆ ಕೂರಿಸಿದ್ದಾರೆ, ವಸ್ತುವಿನ ಮೇಲೆ ಅಷ್ಟು ಭರವಸೆ. ಆದರೆ ಉಳಿಕೆ ಇಟ್ಟದ್ದು ಯಾಕೆ? ಮೂರು ಬೆರಳಗಲದ ಕೆಟ್ಟ ಬೆಸುಗೆಗೆ, ಹತ್ತನೇ ವರ್ಷದ ಹಳೇ ನೈಲಾನಿಗೆ, ಮೇ ತಿಂಗಳ ರಾಯಚೂರಿಗೆ, ಒಂದು ಅಕಸ್ಮಾತ್ ಬ್ಯಾಕ್‌ಫೈರಿಗೆ. ರೀಮ್ಯಾಪ್ ಮಾಡೋನು ಆ ಉಳಿಕೆಯನ್ನು ನಿಮಗೇ ಮಾರಿ ದುಡ್ಡು ತಗೋತಾನೆ. ಮಾರಲಿ, ಆದರೆ "ಇದು ನಿಮ್ಮ ಉಳಿಕೆ" ಅಂತ ಹೇಳಿ ಮಾರಲಿ.

ಕಂಪನಿಗಳೇನು ಸಾಚಾ ಅಲ್ಲ. ಅಮೆರಿಕಾದ ಫೋರ್ಡ್ 4.6 ಲೀಟರ್ ವಿ8 ಇಂಜಿನ್ನಿನ ಪ್ಲಾಸ್ಟಿಕ್ ಮ್ಯಾನಿಫೋಲ್ಡಿನಲ್ಲಿ ಕೂಲೆಂಟ್ ಹಾಯುವ ಭಾಗ ಬಿರುಕು ಬಿಟ್ಟು ಜನ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು, ಆ ಭಾಗವನ್ನು ಅಲ್ಯೂಮಿನಿಯಮ್ಮಿಗೆ ಬದಲಿಸಬೇಕಾಯಿತು. ಜಿ.ಎಂ. ಕಂಪನಿಯ 3800 ಸೀರೀಸ್ 2 ವಿ6ನಲ್ಲಿ ಬಿಸಿ ಇ.ಜಿ.ಆರ್. ಕೊಳವೆಯ ಸುತ್ತ ಪ್ಲಾಸ್ಟಿಕ್ ಹಾಳಾಗಿ ಕೂಲೆಂಟ್ ಇಂಜಿನ್ನಿನೊಳಕ್ಕೆ ಇಳೀತಿತ್ತು. ಸ್ಟಾರ್ಟ್ ಮಾಡುವಾಗಿನ ಬ್ಯಾಕ್‌ಫೈರಿಗೆ ಮ್ಯಾನಿಫೋಲ್ಡು ಒಡೆಯುತ್ತೆ ಅಂತ 1990ರ ದಶಕದಲ್ಲಿ ರೀಕಾಲ್ ಕೂಡಾ ಆಯಿತು. ಗಮನಿಸಿ, ಒಡೆದ ಈ ಎರಡೂ ಟರ್ಬೋ ಇಲ್ಲದ ಇಂಜಿನ್ನುಗಳು. ಒಡೆದದ್ದು ಬೂಸ್ಟಿನಿಂದ ಅಲ್ಲವೇ ಅಲ್ಲ. ಬಿಸಿ, ಕೂಲೆಂಟು, ಬ್ಯಾಕ್‌ಫೈರು.

ಅಲ್ಯೂಮಿನಿಯಂ ಹಾಕಿದರೆ ಮುಗೀತಾ? ಬೆಸುಗೆಯ ತಲೆನೋವು, ತೇವದ ತಲೆನೋವು ಹೋಗುತ್ತೆ, ನಿಜ. ನೂರಿಪ್ಪತ್ತು ಡಿಗ್ರಿಗೆ ಅದು ಕ್ಯಾರೇ ಅನ್ನಲ್ಲ. ಆದರೆ ಇಂಜಿನ್ನಿನ ಶಾಖವನ್ನೆಲ್ಲಾ ಒಳಗಿನ ಗಾಳಿಗೆ ಸಾಗಿಸುತ್ತೆ, ತೂಕವೂ ಹೆಚ್ಚು. ಮುಖ್ಯವಾಗಿ, ಒಳಗೆ ಬೆಂಕಿ ಬಂದರೆ ಮ್ಯಾನಿಫೋಲ್ಡು ಉಳಿದು ಅದರ ಹಿಂದಿನ ರಬ್ಬರ್ ಹೋಸು, ಇಲ್ಲಾ ಇಂಟರ್‌ಕೂಲರಿನ ಟ್ಯಾಂಕು ಹೋಗುತ್ತೆ. ಆ ಟ್ಯಾಂಕು ಯಾವುದರದ್ದು? ಬಹಳ ಕಾರುಗಳಲ್ಲಿ ಇದೇ ನೈಲಾನು! ಮಿಸ್‌ಫೈರನ್ನು ಹಾಗೇ ಬಿಟ್ಟು ಅಲ್ಯೂಮಿನಿಯಂ ಮಾರೋನು ರೋಗ ಬಿಟ್ಟು ಬ್ಯಾಂಡೇಜ್ ಮಾರ್ತಿದ್ದಾನೆ. ಅದಕ್ಕಿಂತ ಕೆಟ್ಟದ್ದು ಅರ್ಧ ಬೆಲೆಯ ಡೂಪ್ಲಿಕೇಟ್ ಪ್ಲಾಸ್ಟಿಕ್ ಮ್ಯಾನಿಫೋಲ್ಡು. ನೈಲಾನ್ ದಾಣಿಯನ್ನು ಅಚ್ಚಿಗೆ ಹಾಕೋ ಮೊದಲು ತೇವ ನೂರಕ್ಕೆ 0.2ಕ್ಕಿಂತ ಕೆಳಗೆ ಬರೋವರೆಗೆ ಒಣಗಿಸಬೇಕು. ಅವಸರದಲ್ಲಿ ಒಣಗಿಸದೆ ಹೊಡೆದರೆ, ಪುಡಿ ಮಾಡಿದ ಹಳೇ ಮಾಲು ಬೆರೆಸಿದರೆ, ನೋಡೋಕೆ ಏನೂ ಗೊತ್ತಾಗಲ್ಲ. ಅಷ್ಟೇ ಕಪ್ಪು, ಅಷ್ಟೇ ಹೊಳಪು. ಒಳಗೆ ಹಪ್ಪಳ.

ನನ್ನ ಬೇಡಿಕೆ ಬಹಳ ದೊಡ್ಡದಲ್ಲ. ರೀಮ್ಯಾಪ್ ಮಾರೋನು ಒಂದು ಮಾದರಿಯ ಕಾರಿಗೆ ನೂರು ಗಿರಾಕಿ ಹಿಡೀತಾನೆ. ಒಂದೇ ಒಂದು ಮ್ಯಾನಿಫೋಲ್ಡು ಕೊಂಡು, ಬಿಸಿ ಮಾಡಿ, ನೀರು ಅಥವಾ ಎಣ್ಣೆ ತುಂಬಿ ಒಡೆಯುವವರೆಗೆ ಒತ್ತಲಿ. (ಗಾಳಿ ತುಂಬಿ ಮಾಡೋಕೆ ಹೋಗಬೇಡಿ, ಚೂರು ಬಾಂಬಿನ ಹಾಗೆ ಹಾರ್ತವೆ. ನಾನಿದ್ದ ಕಡೆ ನೀರಿನಲ್ಲಿ ಮಾಡುವಾಗಲೂ ಉಕ್ಕಿನ ಪೆಟ್ಟಿಗೆಯೊಳಗೇ ಇಡ್ತಿದ್ದರು.) ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆದು ಕೊಡಲಿ. ಕಂಪನಿಯವರು ಹೇಗೂ ಪರೀಕ್ಷೆ ಮಾಡಿರ್ತಾರೆ, ಬಿಡಿಭಾಗದ ಮೇಲೆ ಗರಿಷ್ಠ ಒತ್ತಡ ಇಷ್ಟು ಅಂತ ಒಂದು ಸಾಲು ಅಚ್ಚೊತ್ತಲಿ. ಕುಕ್ಕರಿಗೆ ಸೇಫ್ಟಿ ವಾಲ್ವಿದೆ, ಟೈರಿನ ಪಕ್ಕದಲ್ಲಿ ಗರಿಷ್ಠ ಒತ್ತಡ ಬರೆದಿರುತ್ತೆ, ಇದಕ್ಕೆ ಮಾತ್ರ ಯಾಕೆ ಗುಟ್ಟು?

ಭಾಮೈದ ಈಗ ಕಂಪನಿಯ ಮ್ಯಾಪನ್ನೇ ವಾಪಸ್ಸು ಹಾಕಿಸಿ, ಕಾಯಿಲ್ಲು, ಪ್ಲಗ್ಗು ಬದಲಿಸಿ, ಹೊಸಾ ಮ್ಯಾನಿಫೋಲ್ಡು ಕೂರಿಸಿದ್ದಾನೆ. ಪ್ಲಾಸ್ಟಿಕ್ಕಿಂದೇ. ಅವನ ಹೆಂಡತಿ ಮಾತ್ರ ಘಾಟಿ ರಸ್ತೆ ಅಂದ್ರೆ ಬಸ್ಸಿಗೇ ಹೋಗೋಣ ಅಂತಾಳೆ. ಒಡೆದ ಮ್ಯಾನಿಫೋಲ್ಡು ನನ್ನ ಮನೆಯಲ್ಲೇ ಇದೆ, ಬೆಂಗಳೂರಿನಲ್ಲಿರೋ ಮಿತ್ರರು ಬಂದು ನೋಡಬಹುದು. ನಿಮ್ಮಲ್ಲಿ ಯಾರ ಹತ್ತಿರವಾದರೂ ನಿಜವಾಗಿ ಒತ್ತಿ ಒಡೆದು ನೋಡಿದ ಅಂಕಿ ಇದ್ದರೆ, ಉಷ್ಣಾಂಶದ ಸಮೇತ, ದಯವಿಟ್ಟು ಕೆಳಗೆ ಕಾಮೆಂಟಿನಲ್ಲಿ ಹಾಕಿ. "ಎಲ್ಲಾರೂ ಅಷ್ಟೇ ಇಡ್ತಾರೆ" ಅನ್ನೋ ಕಾಮೆಂಟುಗಳನ್ನು ಅಳಿಸ್ತೀನಿ.